ತೈಪವರ್ ‘ವೃತ್ತಿಪರ ಕ್ಲಬ್’ ಅಲ್ಲ: ತೈವಾನ್ ಫುಟ್‌ಬಾಲ್ ಬಗ್ಗೆ ಮತ್ತೆ ಮತ್ತೆ ಬರುವ ಪ್ರಶ್ನೆಗಳು

2026ರ ಮಹಿಳಾ ಏಷ್ಯನ್ ಕಪ್‌ನಲ್ಲಿ ಭಾರತ ಮತ್ತು ಚೈನೀಸ್ ತೈಪೆ (ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ತೈವಾನ್ ಆಡುವುದು ಈ ಹೆಸರಿನಲ್ಲಿ) ಒಂದೇ ಗುಂಪಿಗೆ ಬಿದ್ದ ಮೇಲೆ ತೈವಾನ್ ಫುಟ್‌ಬಾಲ್ ಬಗ್ಗೆ ಕೇಳುವವರು ಜಾಸ್ತಿಯಾಗಿದ್ದಾರೆ. ಸಂತೋಷದ ವಿಷಯವೇ. ಆದರೆ ಬರುವುದು ಅದೇ ನಾಲ್ಕೈದು ಪ್ರಶ್ನೆ, ಅದರೊಳಗೆ ಅದೇ ತಪ್ಪು ಮಾಹಿತಿ. ಯಾರೋ ಒಬ್ಬರು ಎಲ್ಲೋ ಬರೆದದ್ದನ್ನು ಹತ್ತು ಜನ ನಕಲು ಮಾಡುತ್ತಾರೆ, ಹನ್ನೊಂದನೆಯವರು ನನ್ನನ್ನು ಕೇಳುತ್ತಾರೆ. ಆದ್ದರಿಂದ ಇವತ್ತು ಒಂದು ಪ್ರಶ್ನೆಗೆ ಪೂರ್ತಿ ಉತ್ತರ ಬರೆಯುತ್ತೇನೆ. ಉಳಿದವಕ್ಕೆ ಎಷ್ಟು ಬೇಕೋ ಅಷ್ಟು.

ಪ್ರಶ್ನೆ: ‘ತೈವಾನ್‌ನ ಅತ್ಯಂತ ಯಶಸ್ವಿ ವೃತ್ತಿಪರ ಕ್ಲಬ್ ತೈಪವರ್, ಅದು 2011ರಲ್ಲಿ ಏಷ್ಯಾ ಚಾಂಪಿಯನ್ ಆಗಿತ್ತು’ ಅಂತ ಓದಿದೆ. ಈ ಕ್ಲಬ್‌ನ ಇತಿಹಾಸ ತಿಳಿಸ್ತೀರಾ?

ಯಶಸ್ವಿ ಅನ್ನುವುದು ಸರಿ. ವೃತ್ತಿಪರ ಅನ್ನುವುದು ತಪ್ಪು. ಏಷ್ಯಾ ಚಾಂಪಿಯನ್ ಅನ್ನುವುದು ಅರ್ಧ ಸತ್ಯ. ಒಂದೊಂದಾಗಿ ನೋಡೋಣ.

ತೈಪವರ್ ಅಂದರೆ ತೈವಾನ್ ಪವರ್ ಕಂಪನಿ. ಸರ್ಕಾರಿ ವಿದ್ಯುತ್ ಸಂಸ್ಥೆ. ನಮ್ಮಲ್ಲಿ ಜನ ಇನ್ನೂ ‘ಕೆಇಬಿ’ ಅಂತ ಕರೀತಾರಲ್ಲ, ಆ ಥರದ್ದು. 1978ರಲ್ಲಿ ಅದು ಒಂದು ಫುಟ್‌ಬಾಲ್ ತಂಡ ಕಟ್ಟಿತು. ತಂಡದ ಊರು ದಕ್ಷಿಣದ ಬಂದರು ನಗರ ಕಾವೊಶುಂಗ್. ಆಟಗಾರರು ಕಂಪನಿಯ ನೌಕರರು. ಅವರಿಗೆ ಬರುವ ಸಂಬಳ ನೌಕರಿಯ ಸಂಬಳ, ಕ್ಲಬ್ ಕೊಡುವ ಗುತ್ತಿಗೆ ಹಣ ಅಲ್ಲ. ಮೊಣಕಾಲು ಕೆಟ್ಟು ಆಟ ನಿಂತರೂ ಕೆಲಸ ಇರುತ್ತದೆ. ಬೆಂಗಳೂರಿನ ಎಚ್‌ಎಎಲ್, ಐಟಿಐ ತಂಡಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚೆನ್ನಾಗಿ ಆಡುವ ಹುಡುಗನಿಗೆ ಕಾರ್ಖಾನೆಯಲ್ಲಿ ಕೆಲಸ, ಸಂಜೆ ಮೈದಾನ, ಮನೆಯವರಿಗೆ ನೆಮ್ಮದಿ. ತೈವಾನ್‌ನಲ್ಲಿ ದಶಕಗಳ ಕಾಲ ದೊಡ್ಡ ಫುಟ್‌ಬಾಲ್ ನಡೆದದ್ದು ಇದೇ ಏರ್ಪಾಡಿನ ಮೇಲೆ.

ಉತ್ತರದಲ್ಲಿ, ತೈಪೆಯಲ್ಲಿ, ಇದಕ್ಕೆ ಎದುರಾಳಿ ತಾತುಂಗ್. ಅದೂ ಕಂಪನಿ ತಂಡವೇ, ತೈಪವರ್‌ಗಿಂತ ಹಳೆಯದು. ತಾತುಂಗ್ ಅಂದರೆ ತೈವಾನಿಗರಿಗೆ ಮೊದಲು ನೆನಪಾಗುವುದು ಅನ್ನ ಮಾಡುವ ಎಲೆಕ್ಟ್ರಿಕ್ ಕುಕ್ಕರ್. 1960ರಿಂದ ಮಾರುಕಟ್ಟೆಯಲ್ಲಿರುವ ಈ ಕುಕ್ಕರ್ ಇಲ್ಲದ ಅಡುಗೆಮನೆ ಅಲ್ಲಿ ಅಪರೂಪ. ವಿದೇಶಕ್ಕೆ ಓದಲು ಹೋಗುವ ಮಕ್ಕಳ ಸೂಟ್‌ಕೇಸಿನಲ್ಲೂ ಅದು ಇರುತ್ತದೆ. ಕಂಪನಿಯ ಗುರುತು ಒಬ್ಬ ಹುಡುಗನ ಬೊಂಬೆ. ಎದೆಯ ಮೇಲೆ ಕಂಪನಿಗೆ ಎಷ್ಟನೇ ವರ್ಷ ಎಂಬ ಸಂಖ್ಯೆ, ಕಂಕುಳಲ್ಲಿ ಚೆಂಡು. ಆ ಚೆಂಡನ್ನು ಸ್ವಲ್ಪ ಗಮನಿಸಿ ನೋಡಿ. ಮೊಟ್ಟೆಯಾಕಾರದ್ದು, ರಗ್ಬಿ ಚೆಂಡು. ಫುಟ್‌ಬಾಲ್ ತಂಡವನ್ನು ಇಷ್ಟು ವರ್ಷ ಸಾಕಿದ ಕಂಪನಿಯ ಬೊಂಬೆಯ ಕೈಯಲ್ಲೂ ಫುಟ್‌ಬಾಲ್ ಇಲ್ಲ. ಆ ದೇಶದಲ್ಲಿ ಈ ಆಟಕ್ಕೆ ಎಷ್ಟು ಜಾಗ ಸಿಕ್ಕಿದೆ ಅನ್ನುವುದು ಅದರಲ್ಲೇ ಕಾಣುತ್ತದೆ.

ಮೂರನೆಯ ಬಗೆ ಸೈನ್ಯದ ತಂಡಗಳು. ತೈವಾನ್‌ನಲ್ಲಿ ಗಂಡುಮಕ್ಕಳಿಗೆ ಸೈನಿಕ ಸೇವೆ ಕಡ್ಡಾಯ. ಒಳ್ಳೆಯ ಆಟಗಾರ ಸೇವೆಗೆ ಹೋದಾಗ ಸೈನ್ಯದ ತಂಡಕ್ಕೆ ಆಡುತ್ತಿದ್ದ. 1980ರ ದಶಕದಲ್ಲಿ ರಾಷ್ಟ್ರೀಯ ಲೀಗ್ ಶುರುವಾದಾಗ ಮೊದಲು ಮೆರೆದದ್ದು ಇಂಥದ್ದೇ ಒಂದು ತಂಡ, ಫ್ಲೈಯಿಂಗ್ ಕ್ಯಾಮೆಲ್. ಆಮೇಲೆ ತೈಪವರ್ ಕಾಲ ಬಂತು. 1990ರ ದಶಕದ ಮಧ್ಯದಿಂದ ಸುಮಾರು ಹತ್ತು ವರ್ಷ ಲೀಗ್ ಪ್ರಶಸ್ತಿ ಕಾವೊಶುಂಗ್ ಬಿಟ್ಟು ಕದಲಲಿಲ್ಲ. 2005 ಮತ್ತು 2006ರಲ್ಲಿ ತಾತುಂಗ್ ಗೆದ್ದು ಆ ಸರಪಳಿ ಮುರಿಯಿತು.

ಅಷ್ಟು ವರ್ಷ ಗೆದ್ದವರ ಹೆಸರನ್ನು ನಾವು ಯಾಕೆ ಕೇಳಿಲ್ಲ? ಇದನ್ನು ಯಾರೂ ಕೇಳುವುದಿಲ್ಲ. ಕೇಳಬೇಕಾದದ್ದು ಇದನ್ನೇ.

ಮೊದಲ ಕಾರಣ ರಾಜಕೀಯ. 1970ರ ದಶಕದಲ್ಲಿ ಚೀನಾ ಏಷ್ಯನ್ ಫುಟ್‌ಬಾಲ್ ಒಕ್ಕೂಟದ (ಎಎಫ್‌ಸಿ) ಒಳಗೆ ಬಂತು, ತೈವಾನ್ ಹೊರಗೆ ಬಿತ್ತು. ಅಲ್ಲಿಂದ 1989ರವರೆಗೆ ಅದು ಓಷಿಯಾನಿಯಾ ಒಕ್ಕೂಟದಲ್ಲಿತ್ತು. ಭೂಪಟದಲ್ಲಿ ಫಿಲಿಪ್ಪೀನ್ಸ್ ಪಕ್ಕದಲ್ಲಿರುವ ದೇಶ ವಿಶ್ವಕಪ್ ಅರ್ಹತೆಗೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಜೊತೆ ಆಡಬೇಕಾಯಿತು. 1986ರ ವಿಶ್ವಕಪ್ ಅರ್ಹತಾ ಸುತ್ತಿನಲ್ಲಂತೂ ಗುಂಪಿನ ನಾಲ್ಕನೇ ತಂಡ ಇಸ್ರೇಲ್! ಫ್ಲೈಯಿಂಗ್ ಕ್ಯಾಮೆಲ್ ಮೆರೆಯುತ್ತಿದ್ದ ವರ್ಷಗಳಲ್ಲಿ ಏಷ್ಯಾದ ಕ್ಲಬ್ ಟೂರ್ನಿಯ ಬಾಗಿಲು ಅವರಿಗೆ ಮುಚ್ಚಿತ್ತು. ಹೊರಗಿನ ಗಟ್ಟಿ ತಂಡದ ಜೊತೆ ಆಡದೆ ಯಾವ ತಂಡ ಬೆಳೆಯುತ್ತದೆ ಹೇಳಿ?

ಎರಡನೆಯ ಕಾರಣ ಬೇಸ್‌ಬಾಲ್. ಜಪಾನ್ 1895ರಿಂದ 1945ರವರೆಗೆ ತೈವಾನ್ ಆಳಿತು. ಹೋಗುವಾಗ ಬೇಸ್‌ಬಾಲ್ ಬಿಟ್ಟುಹೋಯಿತು. ಫುಟ್‌ಬಾಲ್ ತಂದವರು ಎಡ್ವರ್ಡ್ ಬ್ಯಾಂಡ್ ಎಂಬ ಬ್ರಿಟಿಷ್ ಮಿಷನರಿ. 1912ರಲ್ಲಿ ಬಂದ ಅವರು ತೈನಾನ್‌ನ ಪ್ರೆಸ್ಬಿಟೇರಿಯನ್ ಶಾಲೆಯಲ್ಲಿ ಹುಡುಗರಿಗೆ ಆಟ ಕಲಿಸಿದರು. ಒಂದು ಆಟ ಆಳುವವರ ಜೊತೆ ಎಲ್ಲ ಶಾಲೆಗಳಿಗೂ ಹೋಯಿತು, ಇನ್ನೊಂದು ಒಂದು ಶಾಲೆಯ ಅಂಗಳದಲ್ಲಿ ಶುರುವಾಯಿತು. ಆ ಅಂತರ ಇವತ್ತಿಗೂ ತುಂಬಿಲ್ಲ. ತೈವಾನ್‌ನ 500 ಡಾಲರ್ ನೋಟು ಸಿಕ್ಕರೆ ನೋಡಿ. ಅದರ ಮೇಲೆ ಬೇಸ್‌ಬಾಲ್ ಗೆದ್ದ ಶಾಲಾ ಮಕ್ಕಳು ಖುಷಿಯಲ್ಲಿ ಟೋಪಿ ಎಸೆಯುತ್ತಿದ್ದಾರೆ. 1990ರಲ್ಲಿ ವೃತ್ತಿಪರ ಲೀಗ್ ಶುರುವಾದದ್ದೂ ಬೇಸ್‌ಬಾಲ್‌ಗೇ. ಟಿವಿ, ಸ್ಪಾನ್ಸರ್, ದುಡ್ಡು ಎಲ್ಲ ಆ ಕಡೆ ಹರಿಯಿತು.

ಈಗ 2011. ಕಪ್ ಗೆದ್ದದ್ದು ನಿಜ. ಆದರೆ ಅದು ಎಎಫ್‌ಸಿ ಪ್ರೆಸಿಡೆಂಟ್ಸ್ ಕಪ್, ಚಾಂಪಿಯನ್ಸ್ ಲೀಗ್ ಅಲ್ಲ. 2005ರಿಂದ 2014ರವರೆಗೆ ನಡೆದ, ಏಷ್ಯಾದ ಮೂರನೇ ದರ್ಜೆಯ ಕ್ಲಬ್ ಟೂರ್ನಿ. ಫುಟ್‌ಬಾಲ್ ಇನ್ನೂ ಬೆಳೆಯುತ್ತಿರುವ ದೇಶಗಳಿಗಾಗಿ ಮಾಡಿದ್ದು. ಆಗ ಭಾರತದ ಕ್ಲಬ್‌ಗಳು ಅದಕ್ಕಿಂತ ಒಂದು ಮೆಟ್ಟಿಲು ಮೇಲಿನ ಎಎಫ್‌ಸಿ ಕಪ್ ಆಡುತ್ತಿದ್ದವು. ಹೀಗಾಗಿ ‘ಏಷ್ಯಾ ಚಾಂಪಿಯನ್’ ಅಂತ ಬರೆಯಬೇಡಿ.

ಹಾಗಂತ ಆ ಗೆಲುವನ್ನು ಕಡಿಮೆ ಮಾಡಿ ನೋಡುವುದೂ ನನಗೆ ಒಪ್ಪಿಗೆಯಿಲ್ಲ. ಫೈನಲ್ ನಡೆದದ್ದು ಕಾವೊಶುಂಗ್‌ನಲ್ಲೇ. ಎದುರಾಳಿ ಕಾಂಬೋಡಿಯಾದ ನೋಮ್ ಪೆನ್ ಕ್ರೌನ್. ತೈಪವರ್ 3–2ರಿಂದ ಗೆದ್ದಿತು. ಮೈದಾನ 2009ರ ವರ್ಲ್ಡ್ ಗೇಮ್ಸ್‌ಗಾಗಿ ಜಪಾನಿನ ವಾಸ್ತುಶಿಲ್ಪಿ ಟೊಯೊ ಇಟೊ ವಿನ್ಯಾಸ ಮಾಡಿದ ಸ್ಟೇಡಿಯಂ. ಸುರುಳಿ ಬಿಚ್ಚಿದ ಡ್ರ್ಯಾಗನ್ ಹಾಗೆ ಒಂದು ಕಡೆ ತೆರೆದಿದೆ. ಚಾವಣಿ ತುಂಬ ಸೋಲಾರ್ ಫಲಕ, ಒಟ್ಟು 8,844. ಕರೆಂಟ್ ಕಂಪನಿಯ ನೌಕರರು, ಬಿಸಿಲಿನಿಂದ ಕರೆಂಟ್ ಮಾಡುವ ಚಾವಣಿಯ ಕೆಳಗೆ, ತಮ್ಮ ಊರಿನಲ್ಲೇ ಏಷ್ಯಾದ ಒಂದು ಕಪ್ ಎತ್ತಿದರು. ನೌಕರಿ ಮಾಡುತ್ತಾ ಫುಟ್‌ಬಾಲ್ ಆಡುವವರು ಇದಕ್ಕಿಂತ ಹೆಚ್ಚಿಗೆ ಏನು ಸಾಧಿಸಬೇಕು? ಇದನ್ನು ಇದ್ದ ಹಾಗೆ ಹೇಳಿದರೆ ಸಾಕಷ್ಟು ದೊಡ್ಡದು. ಸುಳ್ಳು ಸೇರಿಸಿ ಉಬ್ಬಿಸುವವರೇ ಅದರ ಬೆಲೆ ಇಳಿಸುತ್ತಿದ್ದಾರೆ.

ಆಮೇಲಿನ ಕಥೆ ಬೇರೆ ದಾರಿ ಹಿಡಿಯಿತು. 2017ರಲ್ಲಿ ಈಗಿನ ತೈವಾನ್ ಫುಟ್‌ಬಾಲ್ ಪ್ರೀಮಿಯರ್ ಲೀಗ್ ಬಂತು. ಎಂಟು ತಂಡ. ಮೊದಲ ವರ್ಷ ಗೆದ್ದದ್ದು ಹಳೆಯ ತಾತುಂಗ್. ಆದರೆ ಹೊಸ ಬಗೆಯ ಕ್ಲಬ್‌ಗಳು ಅಷ್ಟರಲ್ಲಿ ಹುಟ್ಟಿದ್ದವು. ಉಕ್ಕಿನ ಉದ್ಯಮ ಸಮೂಹವೊಂದರ ಬೆಂಬಲದ ತೈನಾನ್ ಸಿಟಿ ಅಂಥದ್ದು. 2016ರಲ್ಲಿ ಶುರುವಾದ ತೈಚುಂಗ್ ಫುತುರೊ ಇನ್ನೊಂದು. ಫುತುರೊ 2023–24ರ ಎಎಫ್‌ಸಿ ಕಪ್‌ನಲ್ಲಿ ಪೂರ್ವ ಏಷ್ಯಾ ಗುಂಪು ಗೆದ್ದು ಅಂತರ ವಲಯ ಸೆಮಿಫೈನಲ್‌ಗೆ ಹೋಯಿತು. ಅದೇ ಹಂತದಲ್ಲಿ ನಮ್ಮ ಒಡಿಶಾ ಎಫ್‌ಸಿ ಕೂಡ ಇತ್ತು. ಎರಡೂ ಅಲ್ಲಿಯೇ ಸೋತವು. ಕ್ಲಬ್ ಅನ್ನುವ ಪದಕ್ಕೆ ನಾವು ಕೊಡುವ ಅರ್ಥಕ್ಕೆ ಹತ್ತಿರ ಇರುವುದು ಇವು. ಇವು ಕೂಡ ಆಡುವ ಲೀಗ್ ಇನ್ನೂ ಪೂರ್ತಿ ವೃತ್ತಿಪರ ಆಗಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಕಂಪನಿ ತಂಡಗಳನ್ನು ಹೀಗಳೆದು ‘ಪ್ರೊಫೆಷನಲ್ ಆಗಲಿಲ್ಲ, ಅದಕ್ಕೇ ಹಿಂದುಳಿದರು’ ಅನ್ನುವವರು ಯೋಚಿಸಿ ಮಾತಾಡುತ್ತಿಲ್ಲ. ಪ್ರೇಕ್ಷಕರಿಲ್ಲದ, ಟಿವಿ ದುಡ್ಡಿಲ್ಲದ ದೇಶದಲ್ಲಿ ಈ ಆಟವನ್ನು ನಾಲ್ಕು ದಶಕ ಉಳಿಸಿದ್ದು ಆ ಸಂಬಳದ ಚೀಟಿಯೇ.

ಪ್ರಶ್ನೆ: ನನ್ನ ಮಗನಿಗೆ 16 ವರ್ಷ. ತೈವಾನ್‌ನ ಕ್ಲಬ್ ಒಂದರಲ್ಲಿ ಟ್ರಯಲ್ ಕೊಡಿಸಿ ಸಹಿ ಹಾಕಿಸ್ತೇವೆ ಅಂತ ಒಬ್ಬರು ಮೂರು ಲಕ್ಷ ಕೇಳ್ತಿದ್ದಾರೆ. ಕೊಡಬಹುದಾ?

ಕೊಡಬೇಡಿ. ಒಂದು ರೂಪಾಯಿಯನ್ನೂ ಕೊಡಬೇಡಿ.

18 ತುಂಬದ ಆಟಗಾರನನ್ನು ಒಂದು ದೇಶದಿಂದ ಇನ್ನೊಂದು ದೇಶದ ಕ್ಲಬ್‌ಗೆ ವರ್ಗಾಯಿಸಲು ಫಿಫಾ ನಿಯಮದಲ್ಲಿ ಅವಕಾಶ ಇಲ್ಲ. ಕೆಲವು ವಿನಾಯಿತಿಗಳಿವೆ. ಫುಟ್‌ಬಾಲ್‌ಗೆ ಸಂಬಂಧವಿಲ್ಲದ ಕಾರಣಕ್ಕೆ ಅಪ್ಪ ಅಮ್ಮ ಆ ದೇಶಕ್ಕೆ ಹೋಗಿ ನೆಲೆಸಿದ್ದರೆ ಆ ಮಾತು ಬೇರೆ. ಮೂರು ಲಕ್ಷ ತೆಗೆದುಕೊಳ್ಳುವವನು ಯಾವ ವಿನಾಯಿತಿಯನ್ನೂ ತಂದುಕೊಡಲಾರ. ಅವನು ಮಾಡುವುದು ಇಷ್ಟೆ: ಟೂರಿಸ್ಟ್ ವೀಸಾ, ಯಾವುದೋ ಬಾಡಿಗೆ ಮೈದಾನ, ಕ್ಲಬ್ ಜೆರ್ಸಿ ಹಾಕಿಸಿ ಒಂದು ಫೋಟೊ. ಮುಂದಿನ ತಂದೆಗೆ ತೋರಿಸಲು ಆ ಫೋಟೊ ಬೇಕು, ಅಷ್ಟಕ್ಕೇ ನಿಮ್ಮ ಮಗ ಬೇಕು.

ಇನ್ನೊಂದು ವಿಷಯ. ಆ ಲೀಗ್‌ನ ಎಷ್ಟೋ ಆಟಗಾರರು ಹೊಟ್ಟೆಪಾಡಿಗೆ ಬೇರೆ ಕೆಲಸ ಮಾಡುತ್ತಾರೆ ಅಂತ ಈಗತಾನೆ ಬರೆದೆ. ಅಂಥ ಕಡೆ ಇಲ್ಲಿಂದ ಹೋದ ಹುಡುಗನಿಗೆ ಲಕ್ಷಗಟ್ಟಲೆ ಸಂಬಳ ಯಾರು ಕೊಡ್ತಾರೆ? ಏಜೆಂಟ್ ಅಂತ ಹೇಳಿಕೊಳ್ಳುವವನ ಹೆಸರು ಫಿಫಾ ಪರವಾನಗಿ ಪಟ್ಟಿಯಲ್ಲಿ ಇದೆಯೇ ನೋಡಿ. ಇಲ್ಲದಿದ್ದರೆ ಫೋನ್ ಇಡಿ. ಹೆಸರು ಇದ್ದರೂ ಟ್ರಯಲ್‌ಗೆ ಮುಂಗಡ ಕೇಳಿದರೆ ಆಗಲೂ ಫೋನ್ ಇಡಿ. ಈ ವಿಷಯದಲ್ಲಿ ನಾನು ಅತಿ ಎಚ್ಚರಿಕೆಯವನು ಅಂತ ಕೆಲವರು ಬೇಸರ ಮಾಡಿಕೊಳ್ಳುತ್ತಾರೆ. ಮಾಡಿಕೊಳ್ಳಲಿ. ಆ ಮೂರು ಲಕ್ಷದಲ್ಲಿ ಹುಡುಗನಿಗೆ ಇಲ್ಲೇ ಒಳ್ಳೆಯ ಕೋಚ್, ಒಳ್ಳೆಯ ಊಟ, ಓದು ಕೊಡಿಸಿ.

ಪ್ರಶ್ನೆ: ತೈವಾನ್ ಲೀಗ್ ಪಂದ್ಯಗಳಿಗೆ ‘ಪಕ್ಕಾ ಟಿಪ್ಸ್’ ಕೊಡುವ ಗುಂಪುಗಳಿವೆ. ನಂಬಬಹುದಾ?

ಇಲ್ಲ. 2020ರ ಏಪ್ರಿಲ್ 12ರಂದು, ಜಗತ್ತಿನ ಬಹುತೇಕ ಲೀಗ್‌ಗಳು ಕೊರೊನಾದಿಂದ ನಿಂತಿದ್ದಾಗ, ತೈವಾನ್ ಲೀಗ್ ಶುರುವಾಯಿತು. ಅಂದು ಆ ಪಂದ್ಯಗಳ ಕಡೆ ತಿರುಗಿದ ಜೂಜುಕೋರರ ಕಣ್ಣು ಇನ್ನೂ ಬಿಟ್ಟಿಲ್ಲ. ಪಕ್ಕಾ ಗೊತ್ತಿದ್ದವನು ನಿಮಗೆ ಯಾಕೆ ಮಾರುತ್ತಾನೆ?

ಪ್ರಶ್ನೆ: 2018ರಲ್ಲಿ ಮುಂಬೈಯಲ್ಲಿ ಛೆಟ್ರಿ ಹ್ಯಾಟ್ರಿಕ್ ಹೊಡೆದು ಭಾರತ 5–0 ಗೆದ್ದದ್ದು ತೈಪವರ್ ಕ್ಲಬ್ ಮೇಲೇನಾ?

ಅಲ್ಲ, ಅದು ಚೈನೀಸ್ ತೈಪೆ ರಾಷ್ಟ್ರೀಯ ತಂಡ. ‘ಸ್ಟೇಡಿಯಂಗೆ ಬನ್ನಿ’ ಅಂತ ಛೆಟ್ರಿ ವಿಡಿಯೊದಲ್ಲಿ ಬೇಡಿಕೊಂಡದ್ದು ಆ ಪಂದ್ಯದ ಮರುದಿನ.

ಪ್ರಶ್ನೆ: 1954 ಮತ್ತು 1958ರ ಏಷ್ಯನ್ ಗೇಮ್ಸ್ ಚಿನ್ನ ತೈವಾನ್‌ದೇ ಅಂತಾರೆ. ಆಗಿನ ಕ್ಲಬ್‌ಗಳು ಅಷ್ಟು ಬಲವಾಗಿದ್ದವಾ?

ಚಿನ್ನ ಗೆದ್ದದ್ದು ನಿಜ, ಎರಡೂ ಫೈನಲ್‌ಗಳಲ್ಲಿ ದಕ್ಷಿಣ ಕೊರಿಯಾ ಸೋತಿತು. ಆದರೆ ಆ ಆಟಗಾರರು ಹಾಂಗ್‌ಕಾಂಗ್ ಕ್ಲಬ್‌ಗಳವರು. ಕೋಚ್ ಲೀ ವಾಯ್ ಟಾಂಗ್, 1936ರ ಒಲಿಂಪಿಕ್ಸ್‌ನಲ್ಲಿ ಚೀನಾಕ್ಕೆ ಆಡಿದವರು. ತೈವಾನ್‌ನ ಸ್ಥಳೀಯ ಕ್ಲಬ್‌ಗಳಿಗೆ ಇದರಲ್ಲಿ ಪಾಲಿಲ್ಲ. 1962ರಲ್ಲಿ ಇಂಡೋನೇಷ್ಯಾ ವೀಸಾ ಕೊಡದೆ ತೈವಾನ್ ಜಕಾರ್ತಕ್ಕೆ ಹೋಗಲಾಗಲಿಲ್ಲ. ಆ ವರ್ಷದ ಚಿನ್ನ ಭಾರತಕ್ಕೆ ಬಂತು.

ಪ್ರಶ್ನೆ: ತೈವಾನ್ ಕ್ಲಬ್ ಇತಿಹಾಸದಲ್ಲಿ ಮಹಿಳಾ ತಂಡಗಳನ್ನು ಯಾಕೆ ಸೇರಿಸ್ತೀರಿ? ಅದು ಬೇರೆ ವಿಷಯ ಅಲ್ವಾ?

ಈ ಪ್ರಶ್ನೆ ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ತೈವಾನ್ ಫುಟ್‌ಬಾಲ್ ಏಷ್ಯಾವನ್ನು ನಿಜಕ್ಕೂ ಆಳಿದ್ದು ಹೆಣ್ಣುಮಕ್ಕಳ ಕಾಲಿನಿಂದ. 1977ರಿಂದ 1981ರವರೆಗೆ ಸತತ ಮೂರು ಸಲ ಮಹಿಳಾ ಏಷ್ಯನ್ ಚಾಂಪಿಯನ್. ಪುರುಷರನ್ನು ಏಷ್ಯಾದಿಂದ ಹೊರಗಿಟ್ಟ ಕಾಲದಲ್ಲೂ ಮಹಿಳೆಯರು ಆಡಿದರು, ಯಾಕೆಂದರೆ ಆಗ ಮಹಿಳಾ ಫುಟ್‌ಬಾಲ್‌ನ ಒಕ್ಕೂಟವೇ ಬೇರೆಯಾಗಿತ್ತು. ಎರಡನೇ ಪ್ರಶಸ್ತಿ ಗೆದ್ದದ್ದು ಎಲ್ಲಿ ಗೊತ್ತಾ? ನಮ್ಮ ಪಕ್ಕದ ಕಲ್ಲಿಕೋಟೆಯಲ್ಲಿ. ಭಾರತ ಎರಡು ತಂಡ ಇಳಿಸಿತ್ತು. ಅದರಲ್ಲಿ ‘ಭಾರತ ಎಸ್’ ಫೈನಲ್ ತಲುಪಿ 2–0ರಿಂದ ಸೋತಿತು. ಆ ಪೀಳಿಗೆಯ ಚೌ ತಾಯ್-ಯಿಂಗ್ ಮುಂದೆ ಜರ್ಮನಿಗೆ ಹೋಗಿ ಬೆರ್ಗಿಶ್ ಗ್ಲಾಡ್‌ಬಾಖ್ ಕ್ಲಬ್‌ಗೆ ಆಡಿದರು. 1991ರ ಮೊದಲ ಮಹಿಳಾ ವಿಶ್ವಕಪ್‌ನಲ್ಲಿ ನೈಜೀರಿಯಾ ವಿರುದ್ಧ ತೈವಾನ್‌ನ ಗೋಲ್‌ಕೀಪರ್ ಆರನೇ ನಿಮಿಷದಲ್ಲೇ ಕೆಂಪು ಕಾರ್ಡ್ ಪಡೆದು ಹೊರನಡೆದರು. ಉಳಿದ ಹತ್ತು ಮಂದಿ 2–0 ಗೆದ್ದು ಕ್ವಾರ್ಟರ್ ಫೈನಲ್‌ಗೆ ಹೋದರು.

ಕ್ಲಬ್ ಬೇಕೇ ಬೇಕು ಅಂದರೆ ತೈಚುಂಗ್ ಬ್ಲೂ ವೇಲ್ ಇದೆ. ದೇಶದ ಮಹಿಳಾ ಲೀಗ್ ಆದ ಮುಲಾನ್ ಲೀಗ್ 2014ರಲ್ಲಿ ಶುರುವಾಯಿತು, ಬ್ಲೂ ವೇಲ್ ಅದನ್ನು ಹಲವು ಸಲ ಗೆದ್ದಿದೆ. ಎಎಫ್‌ಸಿ ಮಹಿಳಾ ಚಾಂಪಿಯನ್ಸ್ ಲೀಗ್‌ನ ಮೊದಲ ಆವೃತ್ತಿಯಲ್ಲಿ, 2024ರ ಅಕ್ಟೋಬರ್‌ನಲ್ಲಿ, ಹೋ ಚಿ ಮಿನ್ ನಗರದಲ್ಲಿ ಆಡಿದ ಗುಂಪಿನಲ್ಲಿ ಬ್ಲೂ ವೇಲ್, ಜಪಾನಿನ ಉರಾವಾ, ಆತಿಥೇಯ ಕ್ಲಬ್ ಮತ್ತು ನಮ್ಮ ಒಡಿಶಾ ಎಫ್‌ಸಿ ಇದ್ದವು. ಮುಂದಿನ ಸಲ ಕ್ಲಬ್ ಇತಿಹಾಸ ಕೇಳುವವರು ಈ ಕ್ಲಬ್ ಬಗ್ಗೆ ಕೇಳಿ. ಎಷ್ಟು ಬೇಕಾದರೂ ಬರೆಯುತ್ತೇನೆ.