ಓದುಗರ ಪ್ರಶ್ನೆ, ನಮ್ಮ ಉತ್ತರ: ಸಜ್ಜಾದ ಮೇಲೆ ಪಾರಿವಾಳ, ಅಗೆಯಲ್ಲಿ ನವಿಲು

ಪ್ರಶ್ನೆ: ಶಿವಮೊಗ್ಗದ ವಿನೋಬನಗರದಲ್ಲಿ ನಮ್ಮದು ಎರಡಂತಸ್ತಿನ ಮನೆ. ತಾರಸಿಯಲ್ಲಿರುವ ಸೋಲಾರ್ ಹೀಟರಿನ ಕೆಳಗೂ ಕಿಟಕಿಗಳ ಸಜ್ಜಾದ ಮೇಲೂ ಪಾರಿವಾಳಗಳು ಠಿಕಾಣಿ ಹೂಡಿವೆ. ಹಳೆಯ ಸಿ.ಡಿ.ಗಳನ್ನು ತೂಗುಹಾಕಿದ್ದಾಯಿತು, ಪ್ಲಾಸ್ಟಿಕ್ ಗೂಬೆಯನ್ನು ತಂದಿಟ್ಟದ್ದೂ ಆಯಿತು. ಈಗ ಅವು ಗೂಬೆಯ ತಲೆಯ ಮೇಲೆಯೇ ಕುಳಿತಿರುತ್ತವೆ. ಮನೆಯಲ್ಲಿ ಆಸ್ತಮಾ ಇರುವ ಅತ್ತೆಯವರಿದ್ದಾರೆ. ದಾರಿ ತೋರಿಸಿ.

ಉತ್ತರ: ಗೂಬೆಯ ಗತಿ ಎಲ್ಲೆಡೆಯೂ ಅದೇ. ಅಲುಗಾಡದ, ಅಟ್ಟಿಸಿಕೊಂಡು ಬಾರದ ವಸ್ತುವಿನಿಂದ ತನಗೆ ಅಪಾಯವಿಲ್ಲವೆಂದು ಪಾರಿವಾಳಕ್ಕೆ ಕೆಲವೇ ದಿನಗಳಲ್ಲಿ ಮನವರಿಕೆಯಾಗುತ್ತದೆ, ಹೊಳೆಯುವ ಸಿ.ಡಿ.ಗಳಿಗೂ ಅದು ಹೀಗೆಯೇ ಒಗ್ಗಿಕೊಳ್ಳುತ್ತದೆ. ಆದ್ದರಿಂದ ಹೆದರಿಸುವ ಸಾಮಗ್ರಿಗೆ ಇನ್ನಷ್ಟು ಹಣ ಸುರಿಯದೆ, ಅದಕ್ಕೆ ಕೂರಲು ಮತ್ತು ಗೂಡು ಕಟ್ಟಲು ಸಿಕ್ಕಿರುವ ಜಾಗವನ್ನೇ ಮುಚ್ಚಿಬಿಡಿ.

ಸೋಲಾರ್ ಫಲಕದ ಕೆಳಗೆ ಒಮ್ಮೆ ಬಗ್ಗಿ ನೋಡಿ. ನಾಲ್ಕಾರು ಪೊರಕೆಕಡ್ಡಿ, ಒಂದೆರಡು ತುಂಡು ತಂತಿ, ಅವುಗಳನ್ನು ಗಾರೆಯಂತೆ ಹಿಡಿದಿಟ್ಟಿರುವ ಒಣಗಿದ ಹಿಕ್ಕೆ, ನಡುವೆ ಎರಡು ಬಿಳಿ ಮೊಟ್ಟೆ: ಪಾರಿವಾಳದ ಗೂಡು ಎಂದರೆ ಇಷ್ಟೇ. ಮಳೆ ತಾಗದ, ಬೆಕ್ಕು ನುಗ್ಗದ ಅಂಥ ಸಂದು ಮಲೆನಾಡಿನ ಮಳೆಗಾಲದಲ್ಲಿ ಅದಕ್ಕೆ ಅರಮನೆಯೇ ಸರಿ. ಮೊಟ್ಟೆ ಒಡೆಯಲು ಸುಮಾರು 18 ದಿನ, ಮರಿ ಹಾರಿಹೋಗಲು ಮತ್ತೆ ನಾಲ್ಕೈದು ವಾರ ಬೇಕು. ವರ್ಷವಿಡೀ ಮರಿ ಮಾಡುವ ಹಕ್ಕಿಯಾದ ಕಾರಣ ಒಂದು ಸಂಸಾರ ಮುಗಿಯುವಷ್ಟರಲ್ಲಿ ಇನ್ನೊಂದಕ್ಕೆ ತಯಾರಿ ನಡೆದಿರುತ್ತದೆ. ಮರಿಗಳಿರುವಾಗಲೇ ಬಲೆ ಕಟ್ಟಿದರೆ ಅವು ಒಳಗೇ ಸತ್ತು ನಾರುತ್ತವೆ, ತಾಯಿ ಹಕ್ಕಿ ಬಲೆಗೆ ಬಡಿದುಕೊಳ್ಳುತ್ತದೆ. ಮರಿ ಹಾರಿಹೋದ ಕೂಡಲೇ ಗೂಡನ್ನು ತೆಗೆದು, ಜಾಗವನ್ನು ತೊಳೆದು, ಅದೇ ದಿನ ಬಲೆ ಕಟ್ಟಿಸಿ. ಮೊಟ್ಟೆಯಿಡುವ ಮೊದಲೇ ಕಣ್ಣಿಗೆ ಬಿದ್ದರಂತೂ ದಿನಾ ಬೆಳಿಗ್ಗೆ ಕಡ್ಡಿಗಳನ್ನು ತೆಗೆದುಹಾಕಿದರೆ ಸಾಕು.

ಬಲೆಯ ಕಣ್ಣು ಪಾರಿವಾಳಕ್ಕಾದರೆ 50 ಮಿಲಿಮೀಟರ್ ಇರಬಹುದು. ಬಿಸಿಲಿಗೆ ಹಾಳಾಗದ ನೈಲಾನ್ ಬಲೆಯನ್ನೇ ಕೇಳಿ ತನ್ನಿ. ಸುತ್ತಲೂ ಕೊಕ್ಕೆ ಹೊಡೆದು, ತಂತಿ ಎಳೆದು, ಬಲೆಯನ್ನು ಅದಕ್ಕೆ ಬಿಗಿಯಾಗಿ ಹೆಣೆಯಬೇಕು. ಸಡಿಲವಾಗಿ ಜೋತುಬಿದ್ದ ಬಲೆಯಲ್ಲಿ ಹಕ್ಕಿಯ ಕಾಲು ಸಿಕ್ಕಿಕೊಳ್ಳುತ್ತದೆ. ಕೊಕ್ಕೆಗಳಿಗೆ ಸ್ಟೇನ್‌ಲೆಸ್ ಸ್ಟೀಲನ್ನು ಬಳಸದಿದ್ದರೆ ನಮ್ಮ ಮಳೆಗೆ ಅವು ತುಕ್ಕು ಹಿಡಿದು ಗೋಡೆಯ ಬಣ್ಣವನ್ನೂ ಕೆಡಿಸುತ್ತವೆ. ಸಜ್ಜಾದ ಮೇಲ್ಭಾಗಕ್ಕೆ ಬಲೆ ಚೆನ್ನಾಗಿ ಕಾಣುವುದಿಲ್ಲ ಎನಿಸಿದರೆ, ಅಲ್ಲಿ 45 ಡಿಗ್ರಿ ಇಳಿಜಾರಾಗಿ ಹಲಗೆಯನ್ನೋ ತಗಡನ್ನೋ ಕೂರಿಸಿ. ಕಾಲೂರಲಾಗದ ಜಾಗದಲ್ಲಿ ಪಾರಿವಾಳ ಕೂರುವುದಿಲ್ಲ. ಮುಳ್ಳುಪಟ್ಟಿಗಳು ಕಿರಿದಾದ ಅಂಚುಗಳಿಗೆ ಸರಿಯೇ ಹೊರತು ಅಗಲವಾದ ಕಡೆ ಅವುಗಳ ನಡುವೆಯೇ ಕಡ್ಡಿ ಪೇರಿಸಿ ಗೂಡು ಕಟ್ಟಿದ್ದನ್ನೂ ಕಾಣುತ್ತೇವೆ. ಅಂಟುವ ಲೇಪವನ್ನು ಮಾತ್ರ ದಯವಿಟ್ಟು ಬಳಸಬೇಡಿ. ಅದರಲ್ಲಿ ಸಿಕ್ಕಿ ಸಾಯುವುದು ಗುಬ್ಬಚ್ಚಿಯಂಥ ಪುಟ್ಟ ಹಕ್ಕಿಗಳು.

ನಿಮ್ಮ ಅತ್ತೆಯವರ ವಿಷಯ ಇವೆಲ್ಲಕ್ಕಿಂತ ಮುಖ್ಯ. ಒಣಗಿದ ಹಿಕ್ಕೆಯ ಧೂಳಿನಿಂದ ಶ್ವಾಸಕೋಶದಲ್ಲಿ ಅಲರ್ಜಿಯ ಉರಿಯೂತ ಉಂಟಾಗಬಹುದು. ಕ್ರಿಪ್ಟೋಕಾಕಸ್ ಎಂಬ ಶಿಲೀಂಧ್ರವೂ ಅದರಲ್ಲಿ ಬೆಳೆಯುತ್ತದೆ. ಆದಕಾರಣ ಒಣ ಹಿಕ್ಕೆಯನ್ನು ಪೊರಕೆಯಿಂದ ಗುಡಿಸಲೇಬಾರದು. ಚೆನ್ನಾಗಿ ನೀರು ಚಿಮುಕಿಸಿ ನೆನೆಸಿ, ಮಾಸ್ಕ್ ಮತ್ತು ಕೈಗವಸು ತೊಟ್ಟು, ಕೆರೆದು ಚೀಲಕ್ಕೆ ತುಂಬಿ. ಆ ಹೊತ್ತಿನಲ್ಲಿ ಅವರು ಆ ಕಡೆ ಸುಳಿಯದಿರಲಿ. ನೀರಿನ ಟ್ಯಾಂಕಿನ ಮುಚ್ಚಳ ಭದ್ರವಾಗಿದೆಯೇ ಎಂದೂ ನೋಡಿ. ಅಕ್ಕಪಕ್ಕದವರು ಪುಣ್ಯಕ್ಕೆಂದು ತಾರಸಿಯಲ್ಲಿ ಅಕ್ಕಿ ಚೆಲ್ಲುತ್ತಿದ್ದರೆ ಅವರೊಡನೆ ಮಾತಾಡುವ ಕಷ್ಟದ ಕೆಲಸವನ್ನು ನೀವೇ ಮಾಡಬೇಕಾದೀತು. ಅದಕ್ಕೆ ನಮ್ಮಲ್ಲಿ ಬಲೆಯಿಲ್ಲ.

ಪ್ರಶ್ನೆ: ತೀರ್ಥಹಳ್ಳಿ ಕಡೆಯವರು ನಾವು. ಅಗೆ (ಭತ್ತದ ಸಸಿಮಡಿ) ಹಾಕಿದ ಮರುದಿನವೇ ಪಕ್ಕದ ಬ್ಯಾಣದಿಂದ, ಅಂದರೆ ಹುಲ್ಲುಗಾವಲಿನಿಂದ, ನವಿಲುಗಳು ಇಳಿದು ಮೊಳಕೆಯ ಬೀಜವನ್ನು ಕೆದಕಿ ತಿನ್ನುತ್ತವೆ. ಪಟಾಕಿ ಹೊಡೆದರೆ ಒಂದು ಗಳಿಗೆ ಓಡಿ ಮತ್ತೆ ಬರುತ್ತವೆ. ಭತ್ತಕ್ಕೆ ವಿಷ ಬೆರೆಸಿ ಇಡಲು ಕೆಲವರು ಹೇಳುತ್ತಾರೆ.

ಉತ್ತರ: ವಿಷದ ಮಾತು ಬೇಡವೇ ಬೇಡ. ನವಿಲು 1963ರಿಂದ ನಮ್ಮ ರಾಷ್ಟ್ರಪಕ್ಷಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿರುವುದರಿಂದ ಅದನ್ನು ಕೊಂದವರಿಗೆ ಕನಿಷ್ಠ ಮೂರು ವರ್ಷದ ಜೈಲುವಾಸವಿದೆ. ಆ ಭತ್ತವನ್ನು ನಿಮ್ಮ ಮನೆಯ ಕೋಳಿಯೂ ತಿನ್ನುತ್ತದೆ, ಸತ್ತ ಕೋಳಿಯನ್ನು ನಾಯಿ ತಿನ್ನುತ್ತದೆ.

ಅಗೆಗೆ ಅಪಾಯವಿರುವುದು ಮೊಳಕೆ ಬೇರೂರಿ ಹಸಿರು ಏಳುವವರೆಗೆ ಮಾತ್ರ. ಅಷ್ಟು ದಿನ ಅಗೆಮಡಿಯ ಮೇಲೆ ಬಿದಿರಿನ ದಬ್ಬೆಗಳನ್ನು ಬಾಗಿಸಿ ನೆಟ್ಟು, ಮೇಲೆ ಬಲೆ ಹೊದಿಸಿ, ಅಂಚನ್ನು ಮಣ್ಣಿನಲ್ಲಿ ಹೂಳಿ. ಗದ್ದೆ ಪೂರ್ತಿ ಕಾಯುವುದು ಯಾರಿಂದಲೂ ಆಗದು, ಆದರೆ ಅಗೆಮಡಿ ಎಷ್ಟು ಮಾತ್ರದ ಜಾಗ! ಸಾಧ್ಯವಾದರೆ ಮುಂದಿನ ವರ್ಷ ಅದನ್ನು ಬ್ಯಾಣದಂಚಿನಿಂದ ಮನೆಯ ಹತ್ತಿರದ ಗದ್ದೆಗೆ ತನ್ನಿ. ಪಟಾಕಿ, ಡಬ್ಬ ಬಡಿಯುವುದು, ಅಡಿಕೆಹಾಳೆ ಕಟ್ಟಿದ ಹಗ್ಗವನ್ನು ಜಗಲಿಯಿಂದ ಎಳೆಯುವುದು, ಬೆರ್ಚಪ್ಪ, ಇವೆಲ್ಲ ಬಲೆಗೆ ಜೊತೆಯಾಗಿ ಇರಲಿ. ದಿನಕ್ಕೊಂದು ಬದಲಿಸಿ, ಬೆರ್ಚಪ್ಪನ ಜಾಗವನ್ನೂ ಬದಲಿಸಿ. ಮುಂದೆ ತೆನೆಗೆ ಹಾಲು ತುಂಬಿದಾಗ ಗಿಳಿ, ರಾಟವಾಳಗಳಿಗಾಗಿ ಹೊಳೆಯುವ ಟೇಪನ್ನು ಕಟ್ಟುವವರು ಅದನ್ನು ಆಗಲೇ ಹೊರತೆಗೆಯಬೇಕು. ನಟ್ಟಿಯ ದಿನದಿಂದಲೇ ಕಟ್ಟಿಟ್ಟರೆ ಬೇಕಾದ ಹೊತ್ತಿಗೆ ಅದಕ್ಕೆ ಹೆದರುವ ಹಕ್ಕಿಯೇ ಇರುವುದಿಲ್ಲ.

ಪ್ರಶ್ನೆ: ತುಂಗಾ ನದಿಯ ಪಕ್ಕದಲ್ಲಿ ನಮ್ಮ ಮನೆ. ಎದುರಿನ ಮರದಲ್ಲಿ ಬೆಳ್ಳಕ್ಕಿಗಳು ಗೂಡು ಕಟ್ಟಿ, ಅಂಗಳ, ಕಾರು ಎಲ್ಲ ಹಿಕ್ಕೆಮಯವಾಗಿವೆ, ನಾತ ತಡೆಯಲಾಗುತ್ತಿಲ್ಲ. ಕೊಂಬೆ ಕಡಿಸಬಹುದೇ?

ಉತ್ತರ: ಈಗ ಕೂಡದು. ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆಯ ಮರಗಳಿಗೆ ಬೆಳ್ಳಕ್ಕಿ, ನೀರುಕಾಗೆಗಳು ಮಳೆಗಾಲದಲ್ಲಿ ಬರುವಂತೆಯೇ ನಿಮ್ಮ ಮರಕ್ಕೂ ಅವು ಮರಿ ಮಾಡಲು ಬಂದಿವೆ. ಮೊಟ್ಟೆಗೂ ಗೂಡಿಗೂ ಹಾನಿ ಮಾಡುವುದು ಕಾಯ್ದೆಯ ಪ್ರಕಾರ ಬೇಟೆಗೆ ಸಮ. ಮರಿಗಳು ಹಾರಿಹೋಗುವವರೆಗೆ ಕಾರನ್ನು ಬೇರೆಡೆ ನಿಲ್ಲಿಸಿ, ಮರದಡಿಗೆ ತರಗೆಲೆಯನ್ನು ದಪ್ಪವಾಗಿ ಹರವಿ, ಆಗಾಗ ಅದನ್ನು ಒಟ್ಟುಮಾಡಿ ಗೊಬ್ಬರಗುಂಡಿಗೆ ಹಾಕಿದರೆ ನಾತ ಬಹುಪಾಲು ಇಳಿಯುತ್ತದೆ. ಅಂಗಳದ ಮೇಲೆ ಚಾಚಿದ ಕೊಂಬೆಗಳನ್ನು ಬೇಸಿಗೆಯಲ್ಲಿ, ಗೂಡುಗಳು ಖಾಲಿಯಿರುವಾಗ, ಅರಣ್ಯ ಇಲಾಖೆಯಲ್ಲಿ ವಿಚಾರಿಸಿ ಸವರಿಸಿ. ಇಡೀ ಮರವನ್ನು ಉರುಳಿಸುವ ಯೋಚನೆಯನ್ನು ನಾವು ಬೆಂಬಲಿಸುವುದಿಲ್ಲ.

ಪ್ರಶ್ನೆ: ಸಾಗರದಲ್ಲಿರುವ ನಮ್ಮ ಮನೆಯ ಕಿಟಕಿಯ ಗಾಜನ್ನು ಮಡಿವಾಳ ಹಕ್ಕಿಯೊಂದು ಬೆಳಗಿನಿಂದ ಕುಕ್ಕುತ್ತದೆ. ಅಪಶಕುನವೇ?

ಉತ್ತರ: ಅಲ್ಲ. ಗೂಡು ಕಟ್ಟುವ ಕಾಲದಲ್ಲಿ ಗಂಡು ಹಕ್ಕಿ ತನ್ನ ಪ್ರತಿಬಿಂಬವನ್ನೇ ಎದುರಾಳಿಯೆಂದು ತಿಳಿದು ಕಾದಾಡುತ್ತದೆ. ಒಳಗೆ ಪರದೆ ಎಳೆದರೆ ಗಾಜು ಇನ್ನಷ್ಟು ಕನ್ನಡಿಯಾದೀತು. ಹೊರಗಡೆಯಿಂದ ಹಳೆಯ ಪತ್ರಿಕೆಯ ಹಾಳೆಯನ್ನು ಅಂಟಿಸಿ, ಕಾರಿನ ಕನ್ನಡಿಗಳಿಗೆ ಬಟ್ಟೆಯ ಚೀಲ ತೊಡಿಸಿ.