ಘಟ್ಟ, ಸಸಿ, ನಂದಾದೀಪ: ನವರಾತ್ರಿಯ ಪ್ರಶ್ನೋತ್ತರ

ಪ್ರಶ್ನೆ: ನವರಾತ್ರಿ ಎಂದರೆ ದೇವಿ ಮಹಿಷಾಸುರನನ್ನು ಕೊಂದ ಹಬ್ಬ ಎನ್ನುತ್ತಾರೆ. ನಮ್ಮ ಕಡೆ ಮಾತ್ರ ಘಟ್ಟ ಹಾಕಿ, ಅಂದರೆ ದೇವರ ಜಗಲಿಯ ಮೇಲೆ ನೀರಿನ ಗಡಿಗೆ ಇಟ್ಟು, ಅದರ ಸುತ್ತಲಿನ ಮಣ್ಣಿನಲ್ಲಿ ಕಾಳು ಬಿತ್ತುತ್ತೇವೆ. ಯುದ್ಧಕ್ಕೂ ಸಸಿಗೂ ಏನು ಸಂಬಂಧ? (ಗದಗ)

ಉತ್ತರ: ಈ ದಿನಗಳಲ್ಲಿ ಪಾರಾಯಣ ಮಾಡುವ ದುರ್ಗಾಸಪ್ತಶತಿಯಲ್ಲೇ ಇದಕ್ಕೆ ಉತ್ತರವಿದೆ. ಮಾರ್ಕಂಡೇಯ ಪುರಾಣದ ಈ ಭಾಗಕ್ಕೆ 13 ಅಧ್ಯಾಯ. ಮೊದಲನೆಯದರಲ್ಲಿ ಮಧುಕೈಟಭರ ಕಥೆ, ಎರಡರಿಂದ ನಾಲ್ಕರವರೆಗೆ ಮಹಿಷನದು, ಐದರಿಂದ ಮುಂದೆ ಶುಂಭ ನಿಶುಂಭರದು. ಮಹಿಷನಿಗೆ ಸಿಕ್ಕಿರುವುದು ಮೂರೇ ಅಧ್ಯಾಯ. ಯುದ್ಧವೆಲ್ಲ ಮುಗಿದ ಮೇಲೆ, ಹನ್ನೊಂದನೆಯ ಅಧ್ಯಾಯದಲ್ಲಿ ದೇವಿ ದೇವತೆಗಳಿಗೆ ಮಾತು ಕೊಡುತ್ತಾಳೆ: ನೂರು ವರ್ಷ ಮಳೆ ಇಲ್ಲದಾಗ ಬರುತ್ತೇನೆ, ಮತ್ತೆ ಮಳೆಯಾಗುವವರೆಗೂ ನನ್ನ ಮೈಯಲ್ಲೇ ಹುಟ್ಟಿದ ಕಾಯಿಪಲ್ಲೆಯಿಂದ ಲೋಕವನ್ನು ಸಾಕುತ್ತೇನೆ, ಆಗ ನನ್ನನ್ನು ಶಾಕಂಭರಿ ಎನ್ನುತ್ತಾರೆ. ಬಾದಾಮಿಯ ಬನಶಂಕರಿಯನ್ನು ನಾವು ಪೂಜಿಸುವುದು ಈ ಶಾಕಂಭರಿ ಎಂದೇ. ಪುಷ್ಯದಲ್ಲಿ, ಬನದ ಹುಣ್ಣಿಮೆಯ ಜಾತ್ರೆಯ ಹೊತ್ತಿಗೆ, ಆಕೆಗೆ 108 ಬಗೆಯ ಪಲ್ಯದ ನೈವೇದ್ಯ ಆಗುವುದೂ ಅದಕ್ಕೇ.

ಕೊಲ್ಲುವವಳೂ ಉಣಿಸುವವಳೂ ಒಬ್ಬಳೇ ತಾಯಿ. ಘಟ್ಟದಲ್ಲಿ ನಾವು ಪೂಜಿಸುವುದು ಉಣಿಸುವವಳನ್ನು. ಆಶ್ವಯುಜದ ಹೊತ್ತಿಗೆ ಮುಂಗಾರಿ ಪೈರು ಹೊಲದಲ್ಲಿರುತ್ತದೆ, ಹಿಂಗಾರಿಯ ಬಿಳಿಜೋಳ ಬಿತ್ತುವ ಕಾಲವೂ ಬಂದಿರುತ್ತದೆ. ಹೊಲಕ್ಕೆ ಬೀಳುವ ಕಾಳಿನಲ್ಲೇ ಒಂದು ಹಿಡಿ ದೇವರ ಜಗಲಿಯ ಮೇಲೂ ಬೀಳುತ್ತದೆ. ಮಕ್ಕಳಿಗೆ ಬರೀ ಯುದ್ಧದ ಕಥೆ ಹೇಳಿ ಸುಮ್ಮನಾದರೆ ಅರ್ಧ ಹಬ್ಬವನ್ನು ಬಚ್ಚಿಟ್ಟಂತೆ. ದಯವಿಟ್ಟು ಶಾಕಂಭರಿಯ ಕಥೆಯನ್ನೂ ಹೇಳಿ.

ಪ್ರಶ್ನೆ: ಘಟ್ಟದ ಕಾಳು ಐದನೇ ದಿನಕ್ಕೇ ಕೊಳೆತು ವಾಸನೆ ಬರುತ್ತದೆ. ಕೆಲವು ಮೊಳೆಯುವುದೇ ಇಲ್ಲ. ಏನಾದರೂ ಅಪಶಕುನವೇ? (ವಿಜಯಪುರ)

ಉತ್ತರ: ಅಪಶಕುನವಲ್ಲ, ನೀರು ಹೆಚ್ಚಾಗಿದೆ. ನಡುವೆ ಇಡುವ ಹೊಸ ಮಣ್ಣಿನ ಗಡಿಗೆ ತಾನೇ ಒಸರುತ್ತದೆ, ಸುತ್ತಲಿನ ಮಣ್ಣಿಗೆ ಆ ತೇವ ಸಾಕು. ಅದು ಗೊತ್ತಿಲ್ಲದೆ ಮೇಲಿನಿಂದಲೂ ತಂಬಿಗೆಯಲ್ಲಿ ನೀರು ಹಾಕುವವರೇ ಹೆಚ್ಚು. ಮೊದಲ ದಿನ ಗಡಿಗೆಯನ್ನು ಕಂಠದವರೆಗೆ ತುಂಬಿಸಿ, ದಿನಾ ಬೆಳಿಗ್ಗೆ ಇಳಿದಷ್ಟನ್ನು ಮಾತ್ರ ಸೇರಿಸಿ. ತಾಮ್ರ, ಸ್ಟೀಲು ಒಸರುವುದಿಲ್ಲ. ಅಂಥ ಕಲಶ ಇಟ್ಟವರು ದಿನಕ್ಕೊಮ್ಮೆ ಕೈಯಿಂದ ಚಿಮುಕಿಸಬೇಕು.

ನಿಮ್ಮ ಕಡೆಯ ಎರೆಮಣ್ಣು ಒದ್ದೆಯಾದರೆ ಅಂಟಿಕೊಂಡು ಗಾಳಿ ಬಿಡುವುದಿಲ್ಲ. ಜರಡಿ ಹಿಡಿದ ಎರಡು ಪಾಲು ಮಣ್ಣಿಗೆ ಒಂದು ಪಾಲು ಉಸುಕು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿ. ಹಸಿ ಸಗಣಿ ಹಾಕಿದರೆ ಬೂಸು ಬರುತ್ತದೆ. ಬಿದಿರು ಬುಟ್ಟಿಯಲ್ಲೋ ಪತ್ರಾವಳಿಯಲ್ಲೋ ಎರಡು ಇಂಚು ಮಣ್ಣು ಸಾಕು. ಕೆಳಗೆ ತಾಟು ಇಟ್ಟಿದ್ದರೆ ಅದರಲ್ಲಿ ನೀರು ನಿಂತಿದೆಯೇ ನೋಡುತ್ತಿರಿ. ಗೋಧಿ, ಜೋಳ, ಕಡಲೆ, ಹೆಸರು, ಅಲಸಂದೆ, ಹೀಗೆ ನಿಮ್ಮ ಮನೆಯ ರೂಢಿಯ ಐದು ಕಾಳನ್ನು ಒಂದೊಂದು ಚಿಕ್ಕ ಹಿಡಿಯಷ್ಟು ಅಮಾವಾಸ್ಯೆಯ ರಾತ್ರಿ ನೆನೆಹಾಕಿ. ಗೋಧಿ, ಜೋಳವನ್ನು ಗಡಿಗೆಯ ಹತ್ತಿರ, ಕಡಲೆಯನ್ನು ಅಂಚಿಗೆ ಬಿತ್ತಿ. ತೇವ ಹೆಚ್ಚಾದರೆ ಮೊದಲು ಕೊಳೆಯುವುದು ಕಡಲೆಯೇ. ಮೇಲೆ ಅರ್ಧ ಬೆರಳಿನಷ್ಟು ಮಣ್ಣು ಉದುರಿಸಿ, ಒತ್ತಬೇಡಿ.

ಮೊಳೆಯದ ಕಾಳು ಬಹುತೇಕ ಹಳೆಯದು ಅಥವಾ ಹುಳು ತಿಂದದ್ದು. ಹಾಗೆಂದು ಅಂಗಡಿಯ ಬಿತ್ತನೆ ಬೀಜ ತರಬೇಡಿ: ಗುಲಾಬಿಯೋ ಹಸಿರೋ ಬಣ್ಣವಿದ್ದರೆ ಅದಕ್ಕೆ ಕೀಟನಾಶಕ, ಬೂಸುನಾಶಕ ಲೇಪಿಸಿರುತ್ತಾರೆ. ದಶಮಿಯ ದಿನ ಅದೇ ಸಸಿಯನ್ನು ಹೆಣ್ಣುಮಕ್ಕಳು ಮುಡಿಯುತ್ತಾರೆ, ಗಂಡಸರು ಟೋಪಿಗೆ ಸಿಕ್ಕಿಸಿಕೊಳ್ಳುತ್ತಾರೆ. ಸಸಿ ಹಳದಿಯಾದರೆ ಚಿಂತೆ ಬೇಡ, ದೇವರ ಕೋಣೆಯಲ್ಲಿ ಬೆಳಕು ಕಡಿಮೆ, ಅಷ್ಟೇ.

ಪ್ರಶ್ನೆ: ನಂದಾದೀಪ ರಾತ್ರಿ ಆರಿಹೋಗುತ್ತದೆ. ಏನು ಮಾಡಬೇಕು? (ಹುಬ್ಬಳ್ಳಿ)

ಉತ್ತರ: ಎಣ್ಣೆ ಇದ್ದೂ ಆರಿದರೆ ಬತ್ತಿಯ ತುದಿಯಲ್ಲಿ ಕರಿ ಕಟ್ಟಿದೆ ಎಂದರ್ಥ. ಮಲಗುವ ಮುಂಚೆ ಆ ದೀಪದಿಂದ ಪಕ್ಕದಲ್ಲಿ ಇನ್ನೊಂದು ಹಣತೆ ಹಚ್ಚಿಕೊಂಡು, ಕರಿ ತೆಗೆದು, ಬತ್ತಿ ಮುಂದೆ ಸರಿಸಿ. ನಡುವೆ ಆರಿದರೂ ಹಣತೆಯಿಂದಲೇ ಮತ್ತೆ ಹಚ್ಚಬಹುದು. ದೀಪದ ಬಟ್ಟಲು ಅಗಲವಾಗಿರಲಿ. ಆಳವಾಗಿದ್ದರೆ ಎಣ್ಣೆ ತಳಕ್ಕಿಳಿದಾಗ ಬತ್ತಿ ಅದನ್ನು ಮೇಲಕ್ಕೆ ಎಳೆಯಲಾರದು. ಹಬ್ಬಕ್ಕೆ ಮೊದಲೇ ಒಂದು ರಾತ್ರಿ ಉರಿಸಿ, ಎಷ್ಟು ಎಣ್ಣೆ ಹೋಗುತ್ತದೆ ಎಂದು ಅಳೆದಿಟ್ಟುಕೊಳ್ಳಿ. ಘಟ್ಟದ ಮೇಲೆ ದಿನಕ್ಕೊಂದರಂತೆ ಕಟ್ಟುವ ಮಾಲೆಗಳು ಒಣಗುತ್ತ ಹೋಗುತ್ತವೆ, ಅವು ಜ್ವಾಲೆಯಿಂದ ದೂರವಿರಲೇಬೇಕು. ಇಷ್ಟಾಗಿಯೂ ಆರಿದರೆ ಕೈಮುಗಿದು ಮತ್ತೆ ಹಚ್ಚಿ. ತಾಯಿ ಮುನಿಯುತ್ತಾಳೆಂಬ ಭಯ ಬೇಡ.

ಪ್ರಶ್ನೆ: ಕೆಲವು ವರ್ಷ ನವರಾತ್ರಿ ಹತ್ತು ದಿನ ಬರುವುದೇಕೆ? (ಬೆಳಗಾವಿ)

ಉತ್ತರ: ಎಣಿಸುವುದು ತಿಥಿಯನ್ನು. ಒಂದು ತಿಥಿ ಸುಮಾರು 20ರಿಂದ 27 ಗಂಟೆಯವರೆಗೆ ಇರಬಹುದು. ಎರಡು ಸೂರ್ಯೋದಯಕ್ಕೂ ಒಂದೇ ತಿಥಿ ಇದ್ದರೆ ದಿನ ಹೆಚ್ಚುತ್ತದೆ, ಯಾವ ಸೂರ್ಯೋದಯಕ್ಕೂ ಸಿಗದಿದ್ದರೆ ಕಡಿಮೆಯಾಗುತ್ತದೆ. 2025ರಲ್ಲಿ ಸೆಪ್ಟೆಂಬರ್ 22ಕ್ಕೆ ಪಾಡ್ಯ, ಅಕ್ಟೋಬರ್ 2ಕ್ಕೆ ವಿಜಯದಶಮಿ ಬಂದದ್ದು ಹೀಗೆ. ಹೆಚ್ಚಾದ ದಿನಕ್ಕೂ ಒಂದು ಮಾಲೆ ಕಟ್ಟಿ.