ಅರ್ಧ ಬಿಡಿಸಿದ ಚಿತ್ರ ಇದ್ದಲ್ಲೇ ಇರಬೇಕು

ಪ್ರಶ್ನೆ: ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಅಡಿಕೆ ತೋಟದ ನಡುವೆ ನಮ್ಮದು ಹಂಚಿನ ಮಾಡಿನ ಹಳೆಯ ಮನೆ. ಅತ್ತೆ, ಮಾವ, ಗಂಡ, ಇಬ್ಬರು ಮಕ್ಕಳು. ಜಲವರ್ಣದಲ್ಲಿ ಚಿತ್ರ ಬಿಡಿಸುತ್ತೇನೆ, ಅದೂ ಊಟದ ಮೇಜಿನ ಮೇಲೆ. ಬಡಿಸುವ ಹೊತ್ತಾದರೆ ಎಲ್ಲ ಎತ್ತಿಡಬೇಕು. ಕಳೆದ ಮಳೆಗಾಲದಲ್ಲಿ ಕಪಾಟಿನಲ್ಲಿಟ್ಟ ಚಿತ್ರಗಳಿಗೆ ಬೂಸ್ಟು ಹಿಡಿಯಿತು. ಮಾಳಿಗೆ ಕೇಳಿದರೆ ‘ಅಡಿಕೆ ಎಲ್ಲಿಡುವುದು?’ ಎನ್ನುತ್ತಾರೆ ಅತ್ತೆ. ಪೇಟೆಯಲ್ಲಿ ಕೋಣೆ ಬಾಡಿಗೆಗೆ ಹಿಡಿಯಲೇ? ನನಗೆ ಅಂತ ಜಾಗ ಕೇಳುವುದು ಸ್ವಾರ್ಥವೇ?

ಉತ್ತರ: ಸ್ವಾರ್ಥ ಅಲ್ಲ. ನಿಮ್ಮ ಮನೆಯಲ್ಲಿ ಪ್ರತಿ ಕೆಲಸಕ್ಕೂ ಜಾಗ ಇದೆ. ಅಡಿಕೆ ಒಣಗಿಸಲು ಅಂಗಳ, ಸುಲಿಯಲು ಜಗಲಿ, ಹಾರೆ ಕತ್ತಿ ಇಡಲು ಒಂದು ಮೂಲೆ. ಚಿತ್ರವೂ ಕೆಲಸವೇ. ಅದಕ್ಕೆ ಮಾತ್ರ ಯಾರೂ ಜಾಗ ಗೊತ್ತು ಮಾಡಿಲ್ಲ, ಅಷ್ಟೆ.

ಪೇಟೆಯ ಕೋಣೆ ಬೇಡ. ನಿಮಗೆ ಸಿಗುವುದು ಅರ್ಧ ಗಂಟೆ, ಮುಕ್ಕಾಲು ಗಂಟೆಯ ತುಂಡು ಹೊತ್ತು. ಅದು ಬಸ್ಸಿಗೆ ಕಾಯುವುದರಲ್ಲೇ ಮುಗಿಯುತ್ತದೆ. ಮೇಲಾಗಿ, ಮಳೆಗಾಲದಲ್ಲಿ ದಿನಗಟ್ಟಲೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಬೂಸ್ಟು ಇನ್ನೂ ಬೇಗ ಬರುತ್ತದೆ.

ಮಾಳಿಗೆಯ ವಿಷಯದಲ್ಲಿ ಅತ್ತೆಯವರ ಮಾತು ಸರಿ. ಅಡಿಕೆ ಇರುವಲ್ಲಿ ಧೂಳು, ಇಲಿ ಎರಡೂ ಇರುತ್ತವೆ. ಮಾರ್ಚ್‌ನಿಂದ ಮೇ ತನಕ ಹಂಚಿನಡಿಯ ಸೆಕೆಗೆ ಬಣ್ಣ ಕುಂಚದಲ್ಲೇ ಒಣಗುತ್ತದೆ. ಹಾಗಾಗಿ ಮಾಳಿಗೆ ಬಿಟ್ಟುಬಿಡಿ, ಕೆಳಗೆ ನಾಲ್ಕು ಅಡಿ ಗೋಡೆ ಕೇಳಿ. ನಿಮಗೆ ನಿಜವಾಗಿ ಬೇಕಾದದ್ದು ಕೋಣೆಯಲ್ಲ, ರಾತ್ರಿ ಎತ್ತಿಡಬೇಕಾಗದ ಮೇಜು. ಜನವರಿಯಲ್ಲಿ ಅರ್ಧ ಗಂಟೆಯೊಳಗೆ ಒಣಗುವ ಬಣ್ಣದ ಪದರ ಜಡಿಮಳೆಯಲ್ಲಿ ಗಂಟೆಗಟ್ಟಲೆ ಒದ್ದೆಯಾಗಿಯೇ ಇರುತ್ತದೆ. ಅದನ್ನು ನಡುವೆ ಎತ್ತಿದರೆ ಬಣ್ಣ ಒಂದು ಬದಿಗೆ ಹರಿದು ಅಂಚಿನಲ್ಲಿ ಗೆರೆ ಕಟ್ಟುತ್ತದೆ. ನಿಮ್ಮ ಚಿತ್ರ ಕೆಡುತ್ತಿರುವುದು ಊಟದ ಮೇಜಿನಿಂದಲೇ ಇರಬಹುದು.

ಯಾವ ಗೋಡೆ? ನಮ್ಮ ಕಡೆ ಮಳೆಗಾಳಿ ಪಶ್ಚಿಮ, ನೈಋತ್ಯದಿಂದ ಬೀಸುತ್ತದೆ. ಆ ಬದಿಯ ಕಿಟಕಿಯಲ್ಲಿ ಎರಚಲು ತಪ್ಪದು. ಉತ್ತರದ ಕಿಟಕಿ ಎಲ್ಲಕ್ಕಿಂತ ಒಳ್ಳೆಯದು, ಅದಿಲ್ಲದಿದ್ದರೆ ಪೂರ್ವದ್ದು. ಉತ್ತರದ ಬೆಳಕು ವರ್ಷದ ಹೆಚ್ಚಿನ ಕಾಲ ಮೃದುವಾಗಿ, ಒಂದೇ ಹದದಲ್ಲಿರುತ್ತದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನ ತನಕ ಮಾತ್ರ ಕಾಸರಗೋಡಿನಲ್ಲಿ ನಡುಮಧ್ಯಾಹ್ನದ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ. ಆಗ ಒಂದು ತೆಳು ಬಿಳಿ ಬಟ್ಟೆಯ ಪರದೆ ಸಾಕು. ಕತ್ತಲು ಹೆಚ್ಚೆನಿಸಿದರೆ, ಆ ಜಾಗದ ಮೇಲೆ ಮಾಳಿಗೆ ಇಲ್ಲದಿದ್ದರೆ, ಮಾಡಿಗೆ ಎರಡು ಗಾಜಿನ ಹಂಚು ಹಾಕಿಸಿ. ಈಗಿರುವ ಹಂಚೊಂದನ್ನು ಅಂಗಡಿಗೆ ಒಯ್ದು ಅಳತೆಯನ್ನೂ ಅಂಚಿನ ತೋಡನ್ನೂ ಹೊಂದಿಸಿಯೇ ತನ್ನಿ. ಕೂಡದ ಹಂಚು ಮೊದಲ ಮಳೆಗೇ ಸೋರುತ್ತದೆ. ರಾತ್ರಿಯ ಕೆಲಸಕ್ಕೆ 5000 ಕೆಲ್ವಿನ್ ಆಸುಪಾಸಿನ ಬಿಳಿ ಬೆಳಕಿನ, ಸಿಆರ್‌ಐ (ಬಣ್ಣವನ್ನು ಎಷ್ಟು ಸಹಜವಾಗಿ ತೋರಿಸುತ್ತದೆ ಎಂಬುದರ ಅಳತೆ) 90ಕ್ಕೆ ಮೇಲಿನ ಎಲ್‌ಇಡಿ ಬಲ್ಬು ಕೊಳ್ಳಿ. ಹಳದಿ ಬೆಳಕಿನಲ್ಲಿ ಬಳಿದ ಬಣ್ಣ ಬೆಳಗ್ಗೆ ಬೇರೆಯೇ ಕಾಣುತ್ತದೆ. ಬಲಗೈಯವರಾದರೆ ದೀಪ ಎಡಕ್ಕಿರಲಿ.

ಮೇಜು 4 ಅಡಿ ಉದ್ದ, 2 ಅಡಿ ಅಗಲ, 29 ಇಂಚು ಎತ್ತರ ಇದ್ದರೆ ಧಾರಾಳ. ನೀರು ತಡೆಯುವ ಪ್ಲೈವುಡ್ ಹಾಕಿಸಿ, ಗೋಡೆಯಿಂದ 3 ಇಂಚು ಬಿಟ್ಟು ಇಡಿ. ಕೆಂಪುಕಲ್ಲಿನ ಗೋಡೆ ಮಳೆನೀರು ಕುಡಿದು ಒಳಬದಿಗೆ ತೇವ ಬಿಡುತ್ತದೆ. ಕಪಾಟು ಗೋಡೆಗೆ ಒತ್ತಿಕೊಂಡಿದ್ದರೆ ಕಳೆದ ವರ್ಷದ ಬೂಸ್ಟಿಗೆ ಅದೂ ಕಾರಣ. ಮೇಜಿನ ಮೇಲೆ, ಮಕ್ಕಳ ಕೈಗೆ ಎಟುಕದಷ್ಟು ಎತ್ತರದಲ್ಲಿ, ಆಚಾರಿಯಿಂದ ಎರಡು ಜೊತೆ ಪಟ್ಟಿ ಹೊಡೆಸಿ. ಕಾಗದ ಅಂಟಿಸಿದ ಹಲಗೆಯನ್ನು ಹಾಗೇ ಅದರೊಳಗೆ ಮಟ್ಟಸವಾಗಿ ತಳ್ಳಿಡಬಹುದು. ನೆಂಟರು ಬಂದು ಮೇಜು ಬೇಕಾದ ದಿನವೂ ಚಿತ್ರ ಕದಲುವುದಿಲ್ಲ.

ಇನ್ನು ತೇವದ ಸಂಗತಿ, ಇದೇ ದೊಡ್ಡದು. ಕಾಗದಕ್ಕೆ ಬಳಿದ ಅಂಟು, ಬಣ್ಣದೊಳಗಿನ ಗೋಂದು ಎರಡೂ ಬೂಸ್ಟಿಗೆ ಆಹಾರ. ತೇವಾಂಶ ಶೇ. 65 ದಾಟಿದರೆ ಅದು ಬೆಳೆಯಲು ಹೊರಡುತ್ತದೆ, ಮಳೆಗಾಲದಲ್ಲಿ ನಮ್ಮ ಮನೆಗಳ ತೇವಾಂಶ ಅದಕ್ಕಿಂತ ಎಷ್ಟೋ ಮೇಲಿರುತ್ತದೆ. ಕರ್ಪೂರ, ನುಸಿಗುಳಿಗೆ ಹುಳ ಓಡಿಸಬಹುದು, ತೇವ ಹೀರುವುದಿಲ್ಲ. ರಬ್ಬರ್ ಅಂಚಿನ, ಗಾಳಿಯಾಡದ ಪ್ಲಾಸ್ಟಿಕ್ ಪೆಟ್ಟಿಗೆ ತಂದು ತೇವ ಹೀರುವ ಸಿಲಿಕಾ ಜೆಲ್ ಹರಳು ಕಾಲು ಕೆ.ಜಿ. ಬಟ್ಟೆಚೀಲದಲ್ಲಿ ಕಟ್ಟಿಡಿ. ಬಣ್ಣ ಬದಲಾಯಿಸುವ ಬಗೆಯದ್ದನ್ನೇ ಕೊಂಡರೆ ತೇವ ತುಂಬಿದ್ದು ಕಣ್ಣಿಗೆ ಗೊತ್ತಾಗುತ್ತದೆ. ಕಿತ್ತಳೆ ಬಣ್ಣದ್ದು ಹಸಿರಾದರೆ ಓವನ್ನಿನಲ್ಲಿ 120 ಡಿಗ್ರಿಗೆ ಎರಡು ಗಂಟೆ ಬಿಸಿ ಮಾಡಿ ಮತ್ತೆ ಬಳಸಬಹುದು. ಕಾಗದವನ್ನು ಜನವರಿ–ಫೆಬ್ರವರಿಯ ಒಣಹವೆಯಲ್ಲೇ ಪೆಟ್ಟಿಗೆಗೆ ಸೇರಿಸಿ. ಜೂನ್‌ನಲ್ಲಿ ಮುಚ್ಚಿದರೆ ತೇವವನ್ನೂ ಒಳಗೇ ಕೂಡಿಹಾಕಿದಂತೆ. ಚಿತ್ರಗಳ ನಡುವೆ ಪತ್ರಿಕೆಯ ಹಾಳೆ ಹಾಕಬೇಡಿ, ಅದರ ಆಮ್ಲಕ್ಕೆ ಕಾಗದ ಹಳದಿಯಾಗುತ್ತದೆ. ಆಮ್ಲರಹಿತ ಹಾಳೆ ಕೇಳಿ ತನ್ನಿ. ಬಣ್ಣದ ತಟ್ಟೆ ಪೂರ್ತಿ ಒಣಗುವ ಮೊದಲು ಮುಚ್ಚಳ ಹಾಕುವ ಅಭ್ಯಾಸವಿದ್ದರೆ ಬಿಡಿ.

ಮನೆಯವರೊಡನೆ ಮಾತಾಡುವಾಗ ‘ನನಗೆ ಜಾಗ ಬೇಕು’ ಎಂದಷ್ಟೇ ಹೇಳಿದರೆ ಅವರಿಗೆ ಮಾಳಿಗೆಯೇ ಕಣ್ಣಮುಂದೆ ಬರುತ್ತದೆ. ಟೇಪು ಹಿಡಿದು ಅಳೆದು ತೋರಿಸಿ. ಹೊತ್ತನ್ನೂ ಆಗಲೇ ಹೇಳಿ: ವಾರದಲ್ಲಿ ಯಾವ ಮೂರು ದಿನ, ಎಷ್ಟರಿಂದ ಎಷ್ಟರ ತನಕ, ಆಗ ಮಾವನವರ ಚಹಾ ಯಾರು ಮಾಡುತ್ತಾರೆ. ಈ ಕೊನೆಯದನ್ನು ಗಂಡನೊಡನೆ ಮೊದಲೇ ಗೊತ್ತುಮಾಡಿಕೊಳ್ಳಿ, ಅತ್ತೆಯವರ ಮುಂದೆ ಚರ್ಚೆಗೆ ಬಿಡಬೇಡಿ. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಒಂದು ದಿನವಾದರೂ ಉಳಿಯಲಿ, ತೋಟದ ಕೆಲಸ ಕಡಿಮೆಯಾಗುವ ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಹೆಚ್ಚು ಕೇಳಿ. ಎಲ್ಲರೂ ಮಲಗಿದ ಮೇಲೆ ಬಿಡಿಸುತ್ತೇನೆ ಎಂದು ಮಾತ್ರ ಒಪ್ಪಿಕೊಳ್ಳಬೇಡಿ. ನಿದ್ದೆಗೆಟ್ಟ ಕೈಯಲ್ಲಿ ಜಲವರ್ಣ ಹಿಡಿತಕ್ಕೆ ಬರುವುದಿಲ್ಲ, ಹಗಲಿನ ಹೊತ್ತು ಆಮೇಲೆ ಕೇಳಿದರೂ ಸಿಗುವುದಿಲ್ಲ.

ಬೂಸ್ಟು ಹಿಡಿದ ಚಿತ್ರಗಳನ್ನು ಎಸೆಯಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬೂಸ್ಟು ಕಾಗದದೊಳಕ್ಕೆ ಇಳಿಯುತ್ತದೆ. ನೆರಳಲ್ಲಿ ಚೆನ್ನಾಗಿ ಒಣಗಿಸಿ, ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ ಮೆದು ಕುಂಚದಿಂದ ಒಂದೇ ದಿಕ್ಕಿಗೆ ಉದುರಿಸಿ. ಕಂದು ಚುಕ್ಕೆಗಳು ಉಳಿಯಬಹುದು. ಆ ಚಿತ್ರಗಳನ್ನು ಹೊಸ ಕಾಗದದ ಪೆಟ್ಟಿಗೆಗೆ ಸೇರಿಸದೆ ಬೇರೆಯೇ ಇಡಿ.